ನನ್ನ ತೋಟದ ಟರ್ನ್‌ಅರೌಂಡ್

ಕಳೆದ ವಾರ ನಮ್ಮೂರ ಸೊಸೈಟಿಗೆ ಒಂದು ಅರ್ಜಿ ಕೊಟ್ಟು ಬಂದೆ. ವಿಷಯ: ಎರಡೂಕಾಲು ಎಕರೆ ಅಡಿಕೆ ತೋಟವನ್ನು ಲಾಭಕ್ಕೆ ಮರಳಿಸುವ ಐದು ವರ್ಷದ ಯೋಜನೆ.

‘ಮರಳಿಸುವ’ ಅನ್ನುವಲ್ಲಿ ನನಗೇ ಸ್ವಲ್ಪ ಅನುಮಾನವಿತ್ತು. ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಮೂರು ವರ್ಷವಾಯಿತು. ಅದಕ್ಕೆ ಮೊದಲು ಕೊಳೆ ಇತ್ತು. ಕೊಳೆಗೂ ಮೊದಲು ಅಪ್ಪಯ್ಯ ಇದ್ದರು, ಅವರಿಗೆ ಲೆಕ್ಕ ಬರೆದಿಡುವ ಅಭ್ಯಾಸವಿರಲಿಲ್ಲ. ಒಮ್ಮೆಯೂ ಹೋಗದ ಊರಿಗೆ ಮರಳುವುದು ಹೇಗೆ ಅಂತ ಕೇಳಿದರೆ ವಿಮಾನದವರನ್ನು ನೋಡಿ ಅನ್ನುತ್ತೇನೆ. ಕಿಂಗ್‌ಫಿಷರ್ 2005ರಲ್ಲಿ ಹಾರಿ 2012ರಲ್ಲಿ ನೆಲ ಕಚ್ಚುವವರೆಗೆ ಒಂದು ವರ್ಷವೂ ಲಾಭದ ಮುಖ ನೋಡಲಿಲ್ಲ. ಆದರೂ ಲಾಭದ ದಾರಿಯಲ್ಲೇ ಇತ್ತು.

ಈ ಜ್ಞಾನವೆಲ್ಲ ತಂಗಿಯ ಮಗನಿಂದ ಬಂದದ್ದು. ಬೆಂಗಳೂರಿನಲ್ಲಿ ಮುಳುಗುವ ಕಂಪನಿಗಳಿಗೆ ಈಜು ಹೇಳಿಕೊಡುವ ಕೆಲಸ ಅವನದು. ದೀಪಾವಳಿಗೆ ಅಂತ ವಿಮಾನದಲ್ಲಿ ಹೊರಟ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ 3,200 ಮೀಟರ್ ರನ್‌ವೇ ಇದೆ, ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಇದೇ ಉದ್ದ ಅನ್ನುತ್ತಾರೆ. ಕಮಲದ ಆಕಾರದ ಟರ್ಮಿನಲ್ ಕೂಡ ಇದೆ. ಅವತ್ತಿನ ಮಂಜಿನಲ್ಲಿ ಎರಡೂ ಕಾಣಲಿಲ್ಲ. ವಿಮಾನ ಊರಿನ ಮೇಲೆ ಎರಡು ಸುತ್ತು ಹಾಕಿ ಬಂದ ದಾರಿಗೆ ಸುಂಕವಿಲ್ಲ ಅಂತ ಬೆಂಗಳೂರಿಗೇ ಹೋಯಿತು. ಹುಡುಗ ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಮನೆ ಮುಟ್ಟಿದ. ಕಾಫಿ ಕುಡಿಯುತ್ತಾ, “ಮಾವ, ನಷ್ಟದಲ್ಲಿದ್ರೆ ಟರ್ನ್‌ಅರೌಂಡ್ ಮಾಡ್ಬೇಕು” ಅಂದ. ಅರ್ಥ ಕೇಳಬೇಕಾಗಲಿಲ್ಲ. ಹಿಂದಿನ ದಿನ ಅವನ ವಿಮಾನ ಮಾಡಿದ್ದೂ ಅದನ್ನೇ.

ಮಾದರಿಗೆ ಏರ್ ಇಂಡಿಯಾವನ್ನು ಇಟ್ಟುಕೊಂಡೆ. ಸರ್ಕಾರದ ಕೈಯಲ್ಲಿದ್ದಾಗ ಕೊನೆಕೊನೆಗೆ ಅದರ ನಷ್ಟ ದಿನಕ್ಕೆ ಸುಮಾರು 20 ಕೋಟಿ ರೂಪಾಯಿ. 2012ರಲ್ಲಿ 30,000 ಕೋಟಿಯ ಪುನಶ್ಚೇತನ ಯೋಜನೆ ಬಂತು, ಚೇತನ ಬರಲಿಲ್ಲ. 2017ರಲ್ಲಿ ದೇಶದೊಳಗೆ ಹಾರುವ ಎಕಾನಮಿ ಸೀಟಿನವರಿಗೆ ಮಾಂಸದೂಟ ನಿಲ್ಲಿಸಿ ಉಳಿತಾಯ ಮಾಡಿದರು. (ನಮ್ಮನೆಯಲ್ಲಿ ಆ ಉಳಿತಾಯವನ್ನು ಪೂರ್ವಿಕರೇ ಮಾಡಿ ಮುಗಿಸಿದ್ದಾರೆ.) 2018ರಲ್ಲಿ ನೂರಕ್ಕೆ 76 ಪಾಲನ್ನು ಮಾರಾಟಕ್ಕಿಟ್ಟರೆ ಒಬ್ಬ ಗಿರಾಕಿಯೂ ಬರಲಿಲ್ಲ.

ಆಮೇಲಿನದ್ದು ಕೇಳಿ. 2021ರ ಆಗಸ್ಟ್ ಕೊನೆಗೆ ಒಟ್ಟು ಸಾಲ 61,562 ಕೋಟಿ. ಟಾಟಾದವರು 18,000 ಕೋಟಿಗೆ ಕಂಪನಿ ಕೊಂಡರು. ಅದರಲ್ಲಿ ನಗದು 2,700 ಕೋಟಿ, ಬಾಕಿ 15,300 ಕೋಟಿ ಅಂದರೆ ಅಷ್ಟು ಸಾಲವನ್ನು ಹೊತ್ತುಕೊಂಡದ್ದು. ಮಿಕ್ಕ 46,262 ಕೋಟಿ? ಅದನ್ನು ಸರ್ಕಾರದ್ದೇ ಇನ್ನೊಂದು ಕಂಪನಿಗೆ ದಾಟಿಸಿದರು, ಹೆಸರು ಏರ್ ಇಂಡಿಯಾ ಅಸೆಟ್ಸ್ ಹೋಲ್ಡಿಂಗ್ ಲಿಮಿಟೆಡ್. ಹೆಸರಿನಲ್ಲಿ ಆಸ್ತಿ, ಮಡಿಲಲ್ಲಿ ಸಾಲ. ಮಗಳು ಗಂಡನ ಮನೆಗೆ, ಮದುವೆ ಸಾಲ ತವರಿಗೆ ಅನ್ನುವುದು ನಮಗೇನು ಹೊಸದಲ್ಲ. ಆದರೆ ತವರುಮನೆ ಬಾಗಿಲಿಗೆ ಹೋಲ್ಡಿಂಗ್ ಕಂಪನಿ ಅಂತ ಬೋರ್ಡು ಹಾಕಬಹುದು ಅನ್ನುವುದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

ಹಾಗಾಗಿ ಅರ್ಜಿಯ ಮೊದಲ ಪುಟದಲ್ಲೇ ಬರೆದೆ: ತೋಟ ನನ್ನ ಹೆಸರಿನಲ್ಲೇ ಇರತಕ್ಕದ್ದು, ಸೊಸೈಟಿಯ ನಾಲ್ಕು ಲಕ್ಷ ಸಾಲವನ್ನು ‘ಕೊಟ್ಟಿಗೆ ಅಸೆಟ್ಸ್ ಹೋಲ್ಡಿಂಗ್’ಗೆ ವರ್ಗಾಯಿಸತಕ್ಕದ್ದು. ಅದರ ಏಕೈಕ ನಿರ್ದೇಶಕಿ ನಮ್ಮ ಮಲೆನಾಡು ಗಿಡ್ಡ ಹಸು, ಗೌರಿ. ನೋಟಿಸು ಕೊಟ್ಟರೆ ತಿನ್ನುತ್ತಾಳೆ.

ಮುಂದೆ ಖರ್ಚಿನ ಬಾಬ್ತು. ನಷ್ಟದಲ್ಲಿರುವವನು ಕೈ ಬಿಗಿ ಹಿಡಿಯಬೇಕು ಅನ್ನುವುದೆಲ್ಲ ಬಡವರ ಅರ್ಥಶಾಸ್ತ್ರ. ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟಿತು. ನಾನೂ 470 ಅಡಿಕೆ ಸಸಿ ಅಂತ ಬರೆದೆ. ಹಳೇ ಮರಕ್ಕೆ ಹೊಡೆಯಲು ಮೈಲುತುತ್ತಕ್ಕೇ ದುಡ್ಡಿಲ್ಲ, ಆ ಮಾತು ಬೇರೆ. ಅದೇ ವರ್ಷ ಆಗಸ್ಟಿನಲ್ಲಿ ಅವರು ಹೊಸ ಲಾಂಛನ ತಂದರು, ಚಿನ್ನದ ಬಣ್ಣದ ಕಿಟಕಿ ಚೌಕಟ್ಟಿನಿಂದ ಹೊಳೆದದ್ದಂತೆ. ನಾನು ತೋಟದ ದಣಪೆಗೆ ಹಳದಿ ಬಣ್ಣ ಬಳಿದೆ. ಡಿಸೆಂಬರಿನಲ್ಲಿ ಸಿಬ್ಬಂದಿಗೆ ಮನೀಶ್ ಮಲ್ಹೋತ್ರಾ ವಿನ್ಯಾಸದ ಸಮವಸ್ತ್ರ ಬಂತು. ನನ್ನ ಸಿಬ್ಬಂದಿಯಲ್ಲಿ ಆಕಾಶದಲ್ಲಿ ಕೆಲಸ ಮಾಡುವವನು ಕೊನೆಗಾರ ಒಬ್ಬನೇ. ಅಳತೆ ಕೊಡು ಅಂದೆ. “ಬಟ್ಟೆ ಹೊಲ್ಸಿ ಭಟ್ರೇ, ಹೋದ ವರ್ಷದ ಬಾಕಿ ಕೊಟ್ಟು ಹೊಲ್ಸಿ” ಅಂದ. ದೂರದೃಷ್ಟಿಯಿಲ್ಲದ ಕಾರ್ಮಿಕ ವರ್ಗ. ಐವತ್ತು ಅಡಿ ಎತ್ತರದಲ್ಲಿ ಕೂತರೂ ಅಷ್ಟೆ.

ಆದಾಯದ ಭಾಗವನ್ನು ನನ್ನ ಹೆಂಡತಿ ಬರೆದಳು. ಕಡಿಮೆ ದರದ ವಿಮಾನದವರು ಟಿಕೆಟ್ಟು ಅಗ್ಗಕ್ಕೆ ಕೊಟ್ಟು ಕಿಟಕಿ ಸೀಟು, ಊಟ, ಹೆಚ್ಚಿನ ಲಗೇಜು ಅಂತ ಬಿಡಿಬಿಡಿಯಾಗಿ ವಸೂಲಿ ಮಾಡುತ್ತಾರಲ್ಲ, ಅದನ್ನು ಮನೆಗೆ ಬರುವ ನೆಂಟರಿಗೆ ಹೊಂದಿಸಿದ್ದಾಳೆ. ಬಾಳೆಲೆ ಉಚಿತ. ಪಂಕ್ತಿಯ ಮೊದಲ ಮಣೆ, ಅಂದರೆ ಪಾಯಸ ಗಟ್ಟಿ ಇರುವಾಗಲೇ ಸಿಗುವ ಜಾಗ, ಮುಂಗಡ ಬುಕಿಂಗ್. ಮಜ್ಜಿಗೆ ನೀರು ಪ್ರತ್ಯೇಕ. ಅವಳ ನಿಜವಾದ ಸೇಡು ಇದ್ದದ್ದು ಲಗೇಜಿನಲ್ಲಿ. ಬರುವಾಗ ಖಾಲಿ ಚೀಲ ಹಿಡಿದು ಬಂದು, ಹೋಗುವಾಗ ಹಲಸಿನ ಹಪ್ಪಳ, ಅಪ್ಪೆಮಿಡಿ ಭರಣಿ, ಆರು ತೆಂಗಿನಕಾಯಿ, “ಒಂದೇ ಒಂದು ಬಾಳೆಗೊನೆ” ಹೊತ್ತೊಯ್ಯುವವರಿಗೆ ಏಳು ಕೆಜಿ ಮಾತ್ರ ಉಚಿತ. ನನ್ನ ಅಕ್ಕನ ಹೆಸರು ಬರೆದಿಲ್ಲ, ಆದರೆ ಕೆಜಿವಾರು ದರಪಟ್ಟಿ ಅವಳನ್ನು ಕಣ್ಣ ಮುಂದಿಟ್ಟುಕೊಂಡೇ ಮಾಡಿದ್ದು.

ಅರ್ಜಿ ಹಿಡಿದು ಸೊಸೈಟಿ ಮುಟ್ಟುವಾಗ ಹನ್ನೆರಡಾಗಿತ್ತು. “ಎಂಥ ಭಟ್ರೇ, ನಡ್ಕೊಂಡೇ ಬಂದ್ರಾ?” ಅಂತ ಸೆಕ್ರೆಟರಿ ಕೇಳಿದರು. ಬಸ್ಸೆಲ್ಲಿದೆ ಮಾರಾಯ್ರೆ. ಕೊಪ್ಪದ ಸಹಕಾರ ಸಾರಿಗೆ ಇದ್ದಾಗಿನ ಮಾತು ಬೇರೆ. ಮಾಲೀಕರ ಕಂಪನಿ ನಿಂತಾಗ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ. ಘಾಟಿ, ಕೆಸರು, ಜಿಗಣೆ ಎಲ್ಲ ದಾಟಿ ಶಾಲೆ ಮಕ್ಕಳನ್ನು ರಿಯಾಯಿತಿ ಪಾಸಿನಲ್ಲಿ ಹೊತ್ತು, ಡೀಸೆಲ್ ದರ ಏರಿದ ಹಾಗೆ ನಷ್ಟ ಏರಿ, 2020ರಲ್ಲಿ ನಿಂತುಹೋಯಿತು. ಅವರ ಸಾಲ ಹೊರಲು ಯಾವ ಹೋಲ್ಡಿಂಗ್ ಕಂಪನಿಯೂ ಹುಟ್ಟಲಿಲ್ಲ. ಪಾಪ, ನೆಲದ ಮೇಲೆ ಓಡಿಸಿದರು.

ಸೆಕ್ರೆಟರಿ ಕನ್ನಡಕ ಏರಿಸಿ ಹನ್ನೊಂದು ಪುಟವನ್ನೂ ಓದಿದರು. ದರಪಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಂತರು, ಅವರಿಗೂ ಅಕ್ಕಂದಿರಿದ್ದಾರೆ. ಗೌರಿಯ ಪುಟಕ್ಕೆ ಬಂದಾಗ ತಲೆದೂಗಿದರು. ಕೊನೆಗೆ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ, “ಯೋಜನೆ ಪಾಸಾಗೋ ಹಂಗೇ ಇದೆ ಭಟ್ರೇ. ಒಂದೇ ಕೊರತೆ” ಅಂದರು.

“ಎಂಥದು?”

“ನಿಮ್ಮ ಸಾಲ ಸಾಲದು.”

ನಾಲ್ಕು ಲಕ್ಷದ ಮುಂದೆ ಎಷ್ಟು ಸೊನ್ನೆ ಬೇಕಾಗುತ್ತದೆ ಅಂತ ಕೇಳಿದೆ. ಅದಕ್ಕೆ ದೆಹಲಿಯಲ್ಲಿ ಕೇಳಬೇಕು, ನಮ್ಮ ಲೆಡ್ಜರಿನಲ್ಲಿ ಅಷ್ಟು ಕಾಲಂ ಇಲ್ಲ ಅಂದರು. ಆಮೇಲೆ ಅರ್ಜಿಯ ಹಿಂಬದಿ ಖಾಲಿ ಇದೆ ಅಂತ ನೋಡಿ, ಅದರ ಮೇಲೇ ಅಸಲು ಬಡ್ಡಿ ಕೂಡಿಸಿ ಬರೆದು, ಮಾರ್ಚ್ 31ರ ಕೆಳಗೆ ಎರಡು ಗೆರೆ ಎಳೆದು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಅದನ್ನು ನಿರ್ದೇಶಕಿಯವರ ಮುಂದಿಟ್ಟೆ. ಮೂಸಿ ನೋಡಿ ಮುಖ ತಿರುಗಿಸಿದಳು.