ಭಟ್ಟರು ಕಾರ್ಮಿಕರಲ್ಲ, ಘಾಟು ಹೊಗೆಯಲ್ಲ

1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರು ಹೊಟ್ಟೆ ತುಂಬ ಊಟ ಮಾಡಿಯೇ ಲೇಖನಿ ಹಿಡಿದಿರಬೇಕು. ವಿದ್ಯುತ್ ಬಳಸುವಲ್ಲಿ ಹತ್ತು ಜನ, ಬಳಸದಲ್ಲಿ ಇಪ್ಪತ್ತು ಜನ ದುಡಿದರೆ ಅದು ಕಾರ್ಖಾನೆ ಎಂದು ಲೆಕ್ಕ ಹಾಕಿದ ಅವರು, ಅದೇ ವಾಕ್ಯದ ಬಾಲದಲ್ಲಿ ಗಣಿ, ಸೇನೆಯ ಸಂಚಾರಿ ಘಟಕ ಮತ್ತು ರೈಲ್ವೆ ಷೆಡ್ಡುಗಳ ಜೊತೆಗೆ ಹೋಟೆಲು, ಉಪಾಹಾರಗೃಹಗಳನ್ನೂ ಹೊರಗಿಟ್ಟರು. ಗಣಿಗೆ ಬೇರೆ ಕಾಯ್ದೆಯಿತ್ತು, ಸೇನೆಗೆ ತನ್ನದೇ ಶಿಸ್ತಿತ್ತು, ಹೋಟೆಲಿಗೆ ಒಗ್ಗರಣೆಯ ಘಮವಿತ್ತು. 2020ರಲ್ಲಿ ಔದ್ಯೋಗಿಕ ಸುರಕ್ಷತೆಗೆಂದೇ ಹೊಸ ಸಂಹಿತೆ ಬರೆಯುವಾಗಲೂ ಈ ವಿನಾಯಿತಿಯನ್ನು ಅಜ್ಜಿಯ ಹುಳಿಪುಡಿಯ ಅಳತೆಯಂತೆ ಜೋಪಾನವಾಗಿ ಇಳಿಸಿಕೊಳ್ಳಲಾಯಿತು.

ಇದರ ಸೊಗಸನ್ನು ಬಾಣಲೆಯ ಬಳಿ ನಿಂತೇ ಸವಿಯಬೇಕು. 1948ರ ಕಾಯ್ದೆಯಂತೆ ಹತ್ತು ಮಂದಿ ಸೇರಿ, ಯಂತ್ರ ಹಚ್ಚಿ, ಬಾಳೆಕಾಯಿ ಚಿಪ್ಸ್ ಕರಿದು ಪೊಟ್ಟಣ ಕಟ್ಟಿದರೆ ಅವರು ಕಾರ್ಮಿಕರಾಗುತ್ತಿದ್ದರು. ಹೊಗೆಯನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಹಿಡಿದು ಹೊರಹಾಕಬೇಕೆಂಬ ಹಳೆಯ ಕಾಯ್ದೆಯ 14ನೇ ಕಲಮು ಅವರ ಬೆನ್ನಿಗಿತ್ತು. ಅದೇ ಬಾಳೆಕಾಯಿಯನ್ನು ಅದೇ ಎಣ್ಣೆಯಲ್ಲಿ ಬಜ್ಜಿ ಮಾಡಿ ತಟ್ಟೆಗೆ ಹಾಕಿದವರು ಮಾತ್ರ ಬರಿಯ ಭಟ್ಟರು. ಎಣ್ಣೆಗೆ ಈ ಸೂಕ್ಷ್ಮ ತಿಳಿಯದು. ಎಲ್ಲಿ ಕಾದರೂ ಅದರೊಳಗಿನ ಗ್ಲಿಸರಾಲ್ ಒಡೆದು ಕಣ್ಣು, ಗಂಟಲು ಉರಿಸುವ ಅಕ್ರೋಲಿನ್ ಏಳುತ್ತದೆ, ಅದರ ಹಿಂದೆಯೇ ಶ್ವಾಸಕೋಶದ ತಳಕ್ಕಿಳಿಯುವ ಸೂಕ್ಷ್ಮ ಕಣಗಳೂ ಏಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2010ರ ಸಂಪುಟದಲ್ಲಿ, ಅತಿ ಕಾವಿನಲ್ಲಿ ಕರಿಯುವಾಗ ಏಳುವ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಆ ‘ಬಹುಶಃ’ ಒಂದನ್ನು ತಲೆದಿಂಬು ಮಾಡಿಕೊಂಡು ನಾವೆಲ್ಲ ನಿದ್ದೆ ಹೋಗಿದ್ದೇವೆ.

ಹಾಗೆಂದು ಸರ್ಕಾರ ಭಟ್ಟರನ್ನು ಮರೆತಿದೆಯೆಂದರೆ ಅಪಚಾರವಾದೀತು. ಆಹಾರ ಸುರಕ್ಷತಾ ನಿಯಮದಂತೆ ವರ್ಷಕ್ಕೊಮ್ಮೆ ಅವರನ್ನು ವೈದ್ಯರ ಮುಂದೆ ನಿಲ್ಲಿಸಿ, ಕಣ್ಣು ನೋಡಿ, ಚರ್ಮ ನೋಡಿ, ಲಸಿಕೆಯ ಲೆಕ್ಕ ಕೇಳಿ, ಅಂಟುರೋಗವಿಲ್ಲವೆಂದು ಪ್ರಮಾಣಪತ್ರ ಬರೆಸಲಾಗುತ್ತದೆ. ಭಟ್ಟರಿಂದ ಬೋಂಡಕ್ಕೆ ಏನೂ ಅಂಟಬಾರದು, ಅಷ್ಟೆ. ಬೋಂಡದಿಂದ ಭಟ್ಟರಿಗೆ ಏನು ಅಂಟಿತೆಂದು ಕೇಳುವ ಕಾಲಂ ಆ ನಮೂನೆಯಲ್ಲಿಲ್ಲ. ಎಣ್ಣೆಯ ಅದೃಷ್ಟ ಇದಕ್ಕಿಂತ ಮೇಲು. 2018ರ ಜುಲೈ 1ರಿಂದ, ಪದೇ ಪದೇ ಕಾದಾಗ ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಮತ್ತೆ ಒಲೆ ಏರುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಬಳಸುವವರು ಅದರ ಲೆಕ್ಕ ಬರೆದಿಡಬೇಕು. ಸೋತ ಎಣ್ಣೆಗೆ ಬಯೋಡೀಸೆಲ್ ಆಗಿ ಪುನರ್ಜನ್ಮವೂ ಉಂಟು. ಅದರ ಮುಂದೆ ಇಪ್ಪತ್ತು ವರ್ಷ ನಿಂತವರು ಎಷ್ಟು ಶೇಕಡಾ ದಾಟಿದ್ದಾರೆಂದು ಅಳೆಯುವ ಮೀಟರು ಮಾತ್ರ ಇನ್ನೂ ಬಂದಿಲ್ಲ.

ಎಕ್ಸಾಸ್ಟ್ ಫ್ಯಾನು ಇದೆಯಲ್ಲ ಎನ್ನುತ್ತಾರೆ ಮಾಲೀಕರು. ಇದೆ. ಹೊಗೆಯನ್ನು ಹಿಡಿಯುವ ಹುಡ್ ಒಲೆಯ ನೆತ್ತಿಯ ಮೇಲಿರಬೇಕು. ನಮ್ಮ ಬಹುತೇಕ ಅಡುಗೆಮನೆಗಳಲ್ಲಿ ಫ್ಯಾನು ಇರುವುದು ಭಟ್ಟರ ಬೆನ್ನಹಿಂದಿನ ಗೋಡೆಯ ತುದಿಯಲ್ಲಿ. ಆದ್ದರಿಂದ ಹೊಗೆ ಮೊದಲು ಅವರ ಮೂಗಿಗೆ ಹಾಜರಿ ಹಾಕಿ, ಅಲ್ಲಿ ಅನುಮತಿ ಪಡೆದು, ಬಳಿಕವೇ ಬೀದಿಗಿಳಿಯುತ್ತದೆ. ಬೀದಿಯಲ್ಲಿ ಅದರ ಹೆಸರು ಘಮ. ಗಿರಾಕಿಯನ್ನು ಒಳಗೆ ಕರೆತರುವುದೂ ಅದೇ ಎಂಬ ಕಾರಣಕ್ಕೆ ಫ್ಯಾನಿನ ಕರೆಂಟು ಖರ್ಚನ್ನು ಪ್ರಚಾರದ ಬಾಬ್ತಿಗೆ ಹಾಕಿದರೂ ತಪ್ಪಿಲ್ಲ.

ದಕ್ಷಿಣ ಕೊರಿಯಾ 2021ರಲ್ಲಿ ಶಾಲೆಯೊಂದರ ಅಡುಗೆಯವರಿಗೆ ಬಂದ ಶ್ವಾಸಕೋಶದ ಕ್ಯಾನ್ಸರನ್ನು ದುಡಿಮೆಯಿಂದಲೇ ಬಂದ ಕಾಯಿಲೆಯೆಂದು ಒಪ್ಪಿಕೊಂಡಿತು. ನಮ್ಮಲ್ಲಿ ಭಟ್ಟರು ಕೆಮ್ಮಿದರೆ, ಒಗ್ಗರಣೆಗೆ ಬ್ಯಾಡಗಿಯ ಬದಲು ಗುಂಟೂರು ಮೆಣಸಿನಕಾಯಿ ಬಿದ್ದಿರಬೇಕೆಂದು ರೋಗನಿರ್ಣಯವಾಗುತ್ತದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಗಿರುವುದರಿಂದ ಅವರು ಬೀಡಿ ಸೇದಬೇಕಾದರೂ ಹಿತ್ತಲಿಗೇ ಹೋಗಬೇಕು. ದಿನದಲ್ಲಿ ಒಂದಿಷ್ಟು ಒಳ್ಳೆಯ ಗಾಳಿ ಸಿಗುವುದು ಆಗಲೇ. ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಫಲಕ ಅಡುಗೆಮನೆಯಲ್ಲೂ ಒಂದಿದೆ, ಕಾವಲಿಯ ಪಕ್ಕದಲ್ಲೇ. ಅದನ್ನು ಓದಬೇಕೆನ್ನುವವರು ಮೊದಲು ಸೋಡಾಪುಡಿ ಹಾಕಿ ಉಜ್ಜಬೇಕು.