ಗುಡ್ಡಕ್ಕೂ ಹಾಜರಿ ಹಾಕ್ರಿ

ಬಳ್ಳಾರಿ ಜಿಲ್ಲೆಯ ಬಾಣಂತಿ ಕಣ್ಣು ಮಿಟುಕಿಸಿದರೆ ಈಗ ದೆಹಲಿಗೆ ಗೊತ್ತಾಗುತ್ತದೆ. ತಮಾಷೆ ಅಲ್ಲ. 2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವ ಆ್ಯಪ್ ಕಡ್ಡಾಯವಾಗಿದೆ. ಮೊಬೈಲ್ ಮುಂದೆ ಕಣ್ಣು ಮಿಟುಕಿಸಬೇಕು. ಮುಖ ಹೊಂದಿದರೆ ಪೊಟ್ಟಣ. ಇಲ್ಲದಿದ್ದರೆ ಇನ್ನೊಂದು ಸಲ ಮುಖ ತೋರಿಸಬೇಕು.

ಸಂಡೂರು ಕಡೆಯ ಒಂದು ಊರು ಅಂತಿಟ್ಟುಕೊಳ್ಳಿ. ಬಾಣಂತಿ ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು ಬಂದು ನಿಲ್ಲುತ್ತಾಳೆ. ಮೊಬೈಲ್ ಒಪ್ಪುವುದಿಲ್ಲ.

‘ಸ್ಕಾರ್ಫ್ ಬಿಚ್ಚವಾ.’

‘ಗಾಳಿ ಹೊಕ್ಕೀತು ಅಂತ ಅತ್ತಿ ಬೈತಾಳ್ರೀ.’

ಬಿಚ್ಚುತ್ತಾಳೆ. ಆದರೂ ಹೊಂದುವುದಿಲ್ಲ. ಆಧಾರ್ ಫೋಟೋ ಮದುವೆಗೆ ಮುಂಚಿನದು. ಅಷ್ಟಕ್ಕೂ ತನ್ನ ಆಧಾರ್ ಫೋಟೋದ ಹಾಗೆ ಕಾಣುವ ಮನುಷ್ಯ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಕಾರ್ಯಕರ್ತೆ, ಬಾಣಂತಿ, ಕೂಸು ಮೂವರೂ ನೀರಿನ ಟ್ಯಾಂಕ್ ಹತ್ತಿರ ನಡೆಯುತ್ತಾರೆ. ಅಲ್ಲಿ ಎರಡು ಕಡ್ಡಿ ಸಿಗುತ್ತದಂತೆ. ಸಿಕ್ಕಿತು ಅನ್ನುವಾಗ ಓಟಿಪಿ ಗಂಡನ ಫೋನಿಗೆ ಹೋಗುತ್ತದೆ. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಮೇಲೆ ನಿಂತಿದ್ದಾನೆ.

ಕೂಲಿಕಾರರ ಕಥೆ ಇದಕ್ಕಿಂತ ಹಳೆಯದು. ನರೇಗಾ ಕೆಲಸದಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಜರಿ 2023ರ ಜನವರಿಯಿಂದಲೇ ಕಡ್ಡಾಯವಾಯಿತು. ಕಳ್ಳ ಹಾಜರಿ ನಿಲ್ಲಿಸುವುದಕ್ಕೆ ಅಂದರು. 2025ರ ಜುಲೈಯಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಬರುತ್ತಿವೆ, ಫೋಟೋದ ಫೋಟೋ ತೆಗೆದು ಕಳಿಸುತ್ತಿದ್ದಾರೆ ಎಂದು ಅದೇ ಒಪ್ಪಿಕೊಂಡಿತು. ಪರಿಹಾರ? ಬಂದ ಫೋಟೋಗಳನ್ನೆಲ್ಲ ಪಂಚಾಯಿತಿಯಲ್ಲಿ ಮನುಷ್ಯರೇ ಕೂತು ಪರಿಶೀಲಿಸಬೇಕು! ಮನುಷ್ಯನ ಮೇಲೆ ನಂಬಿಕೆಯಿಲ್ಲ ಅಂತ ಯಂತ್ರ ತಂದರು. ಯಂತ್ರದ ಮೇಲೆ ನಂಬಿಕೆ ಹೋಗಿ ಮತ್ತೆ ಮನುಷ್ಯನನ್ನೇ ಕೂರಿಸಿದರು. ಬಿಸಿಲಲ್ಲಿ ಪೋಸು ಕೊಡುವ ಕೆಲಸ ಮಾತ್ರ ಕೂಲಿಕಾರರಿಗೆ ಉಳಿಯಿತು.

ಇಷ್ಟು ಚುರುಕಾದ ಕಣ್ಣು ಬೇರೆ ಜಿಲ್ಲೆಯಲ್ಲಿದ್ದರೆ ಸುಮ್ನೆ ಇರಬಹುದಿತ್ತು. ಇದು ಬಳ್ಳಾರಿ. 2006ರಿಂದ 2010ರವರೆಗೆ ಇಲ್ಲಿನ ಗುಡ್ಡಗಳು ಹಗಲಲ್ಲೇ ಲಾರಿ ಹತ್ತಿ ಬಂದರಿಗೆ ಹೋದವು. ಸುಮಾರು 3 ಕೋಟಿ ಟನ್ ಅದಿರು ಅಕ್ರಮವಾಗಿ ಹಡಗು ಹತ್ತಿತೆಂದು 2011ರ ಲೋಕಾಯುಕ್ತ ವರದಿ ಹೇಳಿತು. ಕರ್ನಾಟಕ-ಆಂಧ್ರದ ಗಡಿ ಗುರುತೇ ಕಿತ್ತುಹೋಯಿತು. ಗಣಿಗಾಗಿ ಆ ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನೇ ಸಿಡಿಸಿದರು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು 2010ರಲ್ಲಿ ಮಾಯವಾಯಿತು. ಜಪ್ತಿ ಮಾಡಿದ್ದು, ನೆನಪಿರಲಿ! ಆಗ ಯಾರಿಗೂ ಏನೂ ಕಾಣಲಿಲ್ಲ. ಧೂಳು ಜಾಸ್ತಿ ಇತ್ತು, ಅಲ್ವಾ?

ಖಾಸಗಿತನ ಅಂತ ಬಾಯಿ ಬಿಟ್ಟರೆ ‘ತಪ್ಪು ಮಾಡದವರಿಗೆ ಯಾಕ್ರೀ ಭಯ’ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳಬೇಕು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಯಾವ ತಪ್ಪು ಮುಚ್ಚಿಡಲು ಹೋಗಿದ್ದರು ಅವರು? 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು.

ಆಮೇಲೆ 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು. ದೇಶದ ಭದ್ರತೆ, ಶಾಂತಿ ಸುವ್ಯವಸ್ಥೆ ಎಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಗೆ ಬೇಕಾದರೂ ಅದರಿಂದ ವಿನಾಯಿತಿ ಕೊಡಬಹುದು. ಅದೇ ಕಾಯ್ದೆ ಮಾಹಿತಿ ಹಕ್ಕಿಗೂ ಕತ್ತರಿ ಹಾಕಿತು. ವೈಯಕ್ತಿಕ ಮಾಹಿತಿ ಅಂದರೆ ಮುಗಿಯಿತು, ಅರ್ಜಿ ವಾಪಸ್. ನಮ್ಮ ಮುಖ ಅವರಿಗೆ ಬೇಕು, ಅವರ ಕಡತ ನಮಗೆ ಬೇಡ.

ಇರಲಿ. ಯಂತ್ರ ತಂದಾಗಿದೆ, ವಾಪಸ್ ಹೋಗುವುದಿಲ್ಲ. ನಂದೊಂದು ಸಣ್ಣ ಅರ್ಜಿ. ಸಂಡೂರಿನ ಗುಡ್ಡಗಳಿಗೂ ಹಾಜರಿ ಶುರು ಮಾಡಿ. ಬೆಳಿಗ್ಗೆ ಒಂದು ಫೋಟೋ, ಸಂಜೆ ಒಂದು ಫೋಟೋ. ಅದಿರು ಲಾರಿ ಎರಡು ಸಲ ಹೆಡ್‌ಲೈಟ್ ಮಿಟುಕಿಸಿದ ಮೇಲೆಯೇ ಗೇಟ್ ದಾಟಲಿ. ಓಟಿಪಿ ಗಣಿ ಮಾಲೀಕರ ಫೋನಿಗೆ ಬೇಡ, ಆ ಬಾಣಂತಿಯ ಫೋನಿಗೆ ಬರಲಿ.

ಸಂಜೆ ಫೋಟೋ ಬೆಳಗಿನದಕ್ಕೆ ಹೊಂದದಿದ್ದರೆ ಸಾಹೇಬರು ಏನು ಮಾಡುತ್ತಾರೆ ಅಂತಲೂ ಗೊತ್ತು. ಲಾರಿ ನಿಲ್ಲಿಸುವುದಿಲ್ಲ. ಗುಡ್ಡಕ್ಕೆ ನೋಟಿಸ್ ಕೊಡುತ್ತಾರೆ: ಮುಖ ಬದಲಾಗಿದೆ, ಹದಿನೈದು ದಿನದೊಳಗೆ ಹತ್ತಿರದ ಕೇಂದ್ರಕ್ಕೆ ಖುದ್ದು ಬಂದು ಆಧಾರ್ ಅಪ್‌ಡೇಟ್ ಮಾಡಿಸಿಕೊಳ್ಳತಕ್ಕದ್ದು.