ಬ್ರೇಕಿಂಗ್ ನ್ಯೂಸ್: ಗೇಟು ಇನ್ನೂ ಮುಚ್ಚೇ ಇದೆ

2019ರ ಜುಲೈ 10ನೇ ತಾರೀಖು ನಮ್ಮನೆ ಟೀವಿ ಪಾಲಿಗೆ ಎಂಥ ದಿನ ಅಂದ್ರೆ ಎರಡೂರಲ್ಲಿ ಮಳೆ, ಮನೇಲಿರೋದು ಒಂದೇ ರಿಮೋಟು. ಮ್ಯಾಂಚೆಸ್ಟರಲ್ಲಿ ವಿಶ್ವಕಪ್ ಸೆಮಿಫೈನಲ್ಲು, ಹಿಂದಿನ ದಿನ ನ್ಯೂಜಿಲೆಂಡ್ 46.1 ಓವರ್ ಆಡಿದಾಗ ಮಳೆ ಹೊಡ್ದು ಉಳಿದಿದ್ದೆಲ್ಲ ಇವತ್ತಿಗೆ ಬಂದಿತ್ತು. ಇತ್ಲಾಗೆ ಮುಂಬೈನಲ್ಲಿ ನಮ್ಮ ಕಾಂಗ್ರೆಸ್-ಜೆಡಿಎಸ್ ಸರ್ಕಾರದ ಅತೃಪ್ತ ಶಾಸಕರು ಸೇರ್ಕೊಂಡಿದ್ದ ಹೋಟ್ಲು, ಅದರ ಗೇಟ್ ಮುಂದೆ ಅವರನ್ನ ಒಲಿಸೋಕೆ ಹೋದ ಸಚಿವ ಡಿ.ಕೆ. ಶಿವಕುಮಾರ್, ರೂಮ್ ಬುಕ್ ಮಾಡಿದ್ರೂ ಒಳಗೆ ಬಿಡ್ತಿಲ್ಲ, ಪೊಲೀಸರ ಸಾಲು, ಮೇಲಿಂದ ಧೋ ಅಂತ ಮಳೆ. ನಂಗೆ ಮ್ಯಾಚು ಬೇಕು, ಅಪ್ಪಂಗೆ ಗೇಟು ಬೇಕು.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಶಿವಕುಮಾರ್ ಅವರನ್ನ ವಶಕ್ಕೆ ತಗೊಂಡು ಕರ್ಕೊಂಡೂ ಹೋದ್ರು. ಸರಿ ಇನ್ನೇನು ಮುಗೀತಲ್ಲ ಅಂತ ರಿಮೋಟಿಗೆ ಕೈ ಹಾಕಿದ್ರೆ ಇಲ್ಲ, ಅಪ್ಪನ ಚಾನೆಲ್ಲಲ್ಲಿ ಗೇಟು ಒಂದೇ ಲೈವ್ ಇದೆ, ಮನುಷ್ಯರು ಯಾರೂ ಇಲ್ಲ, ಬರೀ ಗೇಟು. ರಿಪೋರ್ಟರ್ ಪಾಪ ನೆನೆದ ಕೊಡೆ ಹಿಡ್ಕೊಂಡು ಹೇಳ್ತಾನೆ, 'ಹೌದು, ನೀವಿಲ್ಲಿ ನೋಡೋದಾದ್ರೆ, ಗೇಟು ಮುಚ್ಚಿರುವಂಥ ಕೆಲಸವನ್ನ ಮಾಡ್ತಾ ಇರುವಂಥದ್ದು.' ಅಷ್ಟರಲ್ಲಿ ಗೇಟು ಸ್ವಲ್ಪ ಸರೀತು, ಸ್ಟುಡಿಯೋದಲ್ಲಿ ಆ್ಯಂಕರ್ ಎದ್ದೇ ನಿಂತ, ತೆರೆ ಪೂರ್ತಿ ಕೆಂಪು, ಢಣ್ ಅಂತ ಮ್ಯೂಸಿಕ್ಕು, ಒಳಗಿಂದ ಬಂದಿದ್ದು ಲಾಂಡ್ರಿ ವ್ಯಾನು. ಆ ವ್ಯಾನಲ್ಲಿ ಶಾಸಕರು ಇರಬಹುದಾ ಅಂತ ಆಮೇಲೆ ಇಬ್ರು ಫೋನೋದಲ್ಲಿ ಬಂದು ಚರ್ಚೆ ಮಾಡಿದ್ರು. ಧೋನಿ ರನೌಟ್ ಆದಾಗ ನಾನು ನೋಡ್ತಾ ಇದ್ದಿದ್ದು ಅದೇ ಗೇಟನ್ನ, ವಿಷಯ ಗೊತ್ತಾಗಿದ್ದು ಪಕ್ಕದ ಮನೆಯವರು ಅಯ್ಯೋ ಅಂದಾಗ. ಭಾರತ 18 ರನ್ನಿಂದ ಸೋತ್ತು. ಗೇಟು ಸೋಲಲಿಲ್ಲ.

ಸೀರಿಯಲ್ಲಿನವರಿಗೂ ಈ ಲೈವ್ ಕಾಟ ಇಲ್ಲ ಅಂತಲ್ಲ. ಐಪಿಎಲ್ ಮ್ಯಾಚು ಶುರುವಾಗೋದೇ ಏಳೂವರೆಗೆ, ಸೀರಿಯಲ್ ಕುದಿಯೋದೂ ಅದೇ ಏಳೂವರೆಗೆ. ಅದಕ್ಕೇ ಏಪ್ರಿಲ್ ಬಂದ್ರೆ ಸಾಕು ಧಾರಾವಾಹಿಗಳಲ್ಲಿ ಇದ್ದಕ್ಕಿದ್ದ ಹಾಗೆ ಮದುವೆ ಗೊತ್ತಾಗುತ್ತೆ, ಒಂದು ಗಂಟೆ ಮಹಾಸಂಚಿಕೆ ಬರುತ್ತೆ, ಸತ್ತೋದ ಗಂಡ ವಾಪಸ್ ಬರ್ತಾನೆ. ಆದ್ರೆ ಅವರು ಕನಿಷ್ಠ ಕಥೆ ಬರೆಯೋರಿಗೆ ಸಂಬಳ ಆದ್ರೂ ಕೊಡ್ತಾರೆ.

ಈ ವಿಷಯದಲ್ಲಿ ನಮ್ಮನೇಲಿ ದೊಡ್ಡ ವಿಶ್ಲೇಷಕಿ ಅಂದ್ರೆ ಅಮ್ಮ. ಜುಲೈ 18 ಗುರುವಾರ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ವಿಶ್ವಾಸಮತ ಮಂಡಿಸಿದ್ರು, ಎಲ್ಲ ಚಾನೆಲ್ಲಲ್ಲೂ 'ಇವತ್ತೇ ಕ್ಲೈಮ್ಯಾಕ್ಸ್'. ಆಗಲಿಲ್ಲ. ಶುಕ್ರವಾರ ಮಧ್ಯಾಹ್ನ ಒಂದೂವರೆಯೊಳಗೆ ಬಹುಮತ ಸಾಬೀತು ಮಾಡಿ ಅಂತ ರಾಜ್ಯಪಾಲರ ಪತ್ರ ಬಂತು, ತೆರೆ ಮೂಲೇಲಿ ಸೆಕೆಂಡು ಸೆಕೆಂಡು ಎಣಿಸೋ ಗಡಿಯಾರ ಕೂತ್ಕೊಂತು, ಒಂದೂವರೆ ಆಯ್ತು, ಗಡಿಯಾರ ಸೊನ್ನೆಗೆ ಬಂತು, ಸದನದಲ್ಲಿ ಯಾರೋ ಇತಿಹಾಸ ಹೇಳ್ತಾನೇ ಇದ್ರು. ಆಮೇಲೆ ಇವತ್ತೇ ಮುಗಿಸಿ ಅಂತ ಇನ್ನೊಂದು ಪತ್ರ. ಗಡಿಯಾರ ಮತ್ತೆ ಹೊಸದಾಗಿ ಶುರು. ಸ್ಟುಡಿಯೋದಲ್ಲಿ ನಾಲ್ಕು ಜನ ಹಿರಿಯ ಪತ್ರಕರ್ತರು ಸಂವಿಧಾನ ಬಿಡಿಸ್ತಾ ಕೂತಿದ್ರೆ ಅಮ್ಮ ಬೀನ್ಸ್ ಬಿಡಿಸ್ತಾ ಕೂತಿದ್ಲು, ತಲೆ ಎತ್ತದೇ ಒಂದು ಮಾತು ಹೇಳಿದ್ಲು: 'ಶುಕ್ರವಾರ ಯಾರಾದ್ರೂ ಕಥೆ ಮುಗಿಸ್ತಾರೇನೋ? ಸೋಮವಾರಕ್ಕೆ ಹಾಕ್ತಾರೆ ನೋಡ್ತಿರು.'

ಸೋಮವಾರಕ್ಕೇ ಹಾಕಿದ್ರು.

ಆ ಸೋಮವಾರ, ಅಂದ್ರೆ 22ನೇ ತಾರೀಖು, ಮಧ್ಯಾಹ್ನ 2:43ಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ-2 ಹಾರಿತು. ಹೋದ ವಾರ ಹಾರಬೇಕಿದ್ದಿದ್ದು, 56 ನಿಮಿಷ ಇರೋವಾಗ ನಿಲ್ಸಿದ್ರು, ಈಗ ಹಾರ್ತಾ ಇದೆ, ನಾನು ಟೀವಿಗೆ ಮೂಗು ತಾಗಿಸ್ಕೊಂಡು ಕೂತಿದೀನಿ. ತೆರೆ ಸಂಸಾರ ಹೇಗಿತ್ತು ಅಂದ್ರೆ, ಎಡಕ್ಕೆ ವಿಧಾನಸೌಧ, ಬಲಕ್ಕೆ ರೆಸಾರ್ಟು, ಕೆಳಗೆ ಒಂದರ ಮೇಲೊಂದು ಎರಡು ಸ್ಕ್ರೋಲು, ಎಲ್ ಆಕಾರದಲ್ಲಿ ಸುತ್ತಾ ಮಂಡಿನೋವಿನ ಎಣ್ಣೆ ಜಾಹೀರಾತು, ಇದೆಲ್ಲದರ ಸಂದಿಯಲ್ಲಿ ಪೋಸ್ಟಲ್ ಸ್ಟಾಂಪ್ ಸೈಜಿಗೆ ರಾಕೆಟ್ಟು. ಅದು ಮೇಲಕ್ಕೆ ಹೋಗಿ ಎಣ್ಣೆ ಬಾಟ್ಲಿ ಹಿಂದೆ ಮರೆಯಾಯ್ತು. ಸದನ ಮಾತ್ರ ಹತ್ರಹತ್ರ ಮಧ್ಯರಾತ್ರಿವರೆಗೂ ನಡೀತು, ಅಷ್ಟು ಹೊತ್ತಿಗೆ ರಾಕೆಟ್ಟು ಬಿಟ್ಟೋದ ನೌಕೆ ಭೂಮೀನ ಸುತ್ತಾ ಇತ್ತು, ಚರ್ಚೆ ಇನ್ನೂ ಕೌಂಟ್‌ಡೌನ್‌ನಲ್ಲೇ ಇತ್ತು.

ಯಾಕಪ್ಪ ಇಷ್ಟೆಲ್ಲ ಅಂದ್ರೆ ಗುರುವಾರಕ್ಕೋಸ್ಕರ. ಶನಿವಾರದಿಂದ ಶುಕ್ರವಾರದವರೆಗೆ ದೇಶ ಏನು ನೋಡ್ತು ಅಂತ ಬಾರ್ಕ್ ಅನ್ನೋ ಸಂಸ್ಥೆ ಮುಂದಿನ ಗುರುವಾರ ಲೆಕ್ಕ ಕೊಡುತ್ತೆ, ಅದೇ ಟಿಆರ್‌ಪಿ ಅಂತ ನಾವು ಕರೆಯೋದು. 2022ರ ಸುಮಾರಿಗೆ ದೇಶದಲ್ಲಿ ಟೀವಿ ಇದ್ದ ಮನೆ ಸುಮಾರು 21 ಕೋಟಿ, ಯಾವ ಚಾನೆಲ್ ನೋಡ್ತಾರೆ ಅಂತ ಅಳೆಯೋ ಮೀಟರ್ ಪೆಟ್ಟಿಗೆ ಇದ್ದ ಮನೆ ಐವತ್ತೈದು ಸಾವಿರದ ಆಸುಪಾಸು. ಅಂದ್ರೆ ಒಂದೊಂದು ಮನೆ ತಲೆ ಮೇಲೆ ಹೆಚ್ಚುಕಮ್ಮಿ 3,800 ಮನೆ ಭಾರ. ಆ ಮನೆಗಳು ಯಾವುವು ಅನ್ನೋದು ಗುಟ್ಟು, ನಂಗೆ ಗೊತ್ತಿರೋ ಒಬ್ಬ ನರಪಿಳ್ಳೆಯೂ ಆ ಪೆಟ್ಟಿಗೆ ನೋಡಿಲ್ಲ. ಮನೇಲಿ ಪ್ರತಿಯೊಬ್ರಿಗೂ ಒಂದೊಂದು ಗುಂಡಿ ಇರುತ್ತಂತೆ, ಟೀವಿ ಮುಂದೆ ಕೂತಾಗ ಒತ್ತಬೇಕು. ಇಲ್ಲೇ ನಂಗೆ ಡೌಟು. ನಮ್ಮಪ್ಪ ರಾತ್ರಿ ಎಂಟಕ್ಕೆ ನ್ಯೂಸ್ ಹಾಕಿ ಎಂಟೂ ಹತ್ತಕ್ಕೆ ಗೊರಕೆ ಹೊಡೀತಾರೆ, ರಿಮೋಟು ಎದೆ ಮೇಲೆ. ಮೆಲ್ಲಗೆ ಎಳ್ಕೊಂಡು ಚಾನೆಲ್ ಬದಲಾಯಿಸಿದ್ರೆ ಕಣ್ಣು ಬಿಡದೇ 'ಏಯ್, ನೋಡ್ತಾ ಇದೀನಿ' ಅಂತಾರೆ. ನಮ್ಮನೇಲಿ ಪೆಟ್ಟಿಗೆ ಇದ್ದಿದ್ರೆ ಅಪ್ಪನ ಗುಂಡಿ ಒತ್ತೇ ಇರ್ತಿತ್ತು, ಗೊರಕೆಯೂ ರೇಟಿಂಗ್ ಆಗ್ತಿತ್ತು, ಆ ಗೊರಕೆಗೆ ಹೆದರಿ ಎದುರಾಳಿ ಚಾನೆಲ್ಲು ಇನ್ನೊಂದು ಗೇಟ್ ಮುಂದೆ ಲೈವ್ ಕಳಿಸೋ ಓಬಿ ವ್ಯಾನು ನಿಲ್ಲಿಸ್ತಿತ್ತು.

ಇದರಲ್ಲಿ ನಂಗೆ ಅತ್ಯಂತ ಇಷ್ಟವಾದ ಭಾಗ ಇನ್ನೊಂದಿದೆ. 2020ರ ಅಕ್ಟೋಬರಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿದ್ದಿದಾರೆ ಅಂತ ಕೇಸ್ ತೆಗೆದ್ರು, ಬಾರ್ಕ್‌ನವರು ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗೇ ನಿಲ್ಸಿಬಿಟ್ರು, ಮತ್ತೆ ಶುರುವಾಗಿದ್ದು 2022ರ ಮಾರ್ಚಲ್ಲಿ. ಲೆಕ್ಕ ಹಾಕಿ, ಹತ್ರಹತ್ರ ಹದಿನೇಳು ತಿಂಗಳು ಗುರುವಾರದ ಭಯ ಇಲ್ಲ. ಅಂಕ ಕೊಡೋರೇ ಇಲ್ಲ. ಕಿರುಚಾಟ ಒಂದು ಪಾಯಿಂಟಾದ್ರೂ ಕಮ್ಮಿ ಆಯ್ತಾ? ಪರೀಕ್ಷೆನೇ ರದ್ದಾಗಿದೆ, ಇವರು ಮಾತ್ರ ಕಾಪಿ ಚೀಟಿ ತೋಳಲ್ಲಿ ಸಿಗಿಸ್ಕೊಂಡೇ ಓಡಾಡ್ತಿದ್ರು. ವಾಪಸ್ ಬಂದ ರೇಟಿಂಗು ನಾಲ್ಕು ವಾರದ ಸರಾಸರಿ ಲೆಕ್ಕದ್ದು, ಅಂದ್ರೆ ಇವತ್ತು ಗಂಟಲು ಹರ್ಕೊಂಡಿದ್ದು ಮೂರು ಸಪ್ಪೆ ವಾರಗಳ ಜೊತೆ ಸೇರಿ ತಿಳಿಸಾರು ಆಗುತ್ತೆ. ಹಾಗಾದ್ರೆ ಒಂದು ದಿನ ಕಿರುಚಿ ಪ್ರಯೋಜನ ಇಲ್ಲ ಅಂತ ಅರ್ಥ ಆಗಬೇಕಿತ್ತು. ಅವರಿಗೆ ಅರ್ಥ ಆಗಿದ್ದು, ನಾಲ್ಕು ವಾರವೂ ಕಿರುಚಬೇಕು ಅಂತ.

2023ರ ಆಗಸ್ಟ್ 23ರ ಸಂಜೆ 6:04ಕ್ಕೆ ಚಂದ್ರಯಾನ-3 ಇಳೀತಲ್ಲ, ಅವತ್ತು ಇಸ್ರೋದವರ ಯೂಟ್ಯೂಬ್ ಲೈವನ್ನ ಏಕಕಾಲಕ್ಕೆ 80 ಲಕ್ಷಕ್ಕೂ ಹೆಚ್ಚು ಜನ ನೋಡಿದ್ರು. ಅದರಲ್ಲಿ ಇದ್ದಿದ್ದು ಒಂದು ಗೆರೆ, ಇಳೀತಾ ಹೋಗೋ ನಂಬರ್‌ಗಳು, ಕಂಪ್ಯೂಟರ್ ಮುಂದೆ ಸುಮ್ನೆ ಕೂತ ಒಂದಷ್ಟು ಜನ. ಢಣ್ ಇಲ್ಲ. ನಮ್ಮಪ್ಪ ಅವತ್ತು ನಿದ್ದೆ ಮಾಡಲಿಲ್ಲ.

ಅಂದಹಾಗೆ 2019ರ ಆ ಮಂಗಳವಾರ ಏನಾಯ್ತು ಅಂತ ಹೇಳಲೇ ಇಲ್ಲ ಅಲ್ವಾ. 23ನೇ ತಾರೀಖು, ನಾಲ್ಕನೇ ದಿನದ ಎಪಿಸೋಡು. ಬೆಳಿಗ್ಗೆಯಿಂದ ಅಪ್ಪ ಕದಲಿಲ್ಲ, ಊಟವೂ ಸೋಫಾ ಮೇಲೇ, ಸಂಜೆ ಕಾಫಿ ಕುಡಿದು ಹಾಗೇ ಒರಗಿದ್ರು, ಒರಗಿದವರು ನಿದ್ದೆಗೆ ಹೋದ್ರು. ಅಮ್ಮ ಬಂದು ಎದೆ ಮೇಲಿನ ರಿಮೋಟ್ ಎತ್ಕೊಂಡು ತನ್ನ ಸೀರಿಯಲ್ ಹಾಕಿದ್ಲು, ಅವತ್ತು 'ನೋಡ್ತಾ ಇದೀನಿ' ಅನ್ನೋಕೂ ಅಪ್ಪಂಗೆ ಎಚ್ಚರ ಇಲ್ಲ. ಏಳೂವರೆ ಆಸುಪಾಸಿಗೆ ಸದನದಲ್ಲಿ ತಲೆ ಎಣಿಸಿದ್ರು, ಪರ 99, ವಿರುದ್ಧ 105, ಸರ್ಕಾರ ಬಿತ್ತು, ಬೀದೀಲೆಲ್ಲೋ ಪಟಾಕಿ ಸದ್ದಾಯ್ತು. ಅಪ್ಪ ದಡಬಡಿಸಿ ಎದ್ದು ಕೂತು, 'ಏನೇ, ಏನಾಯ್ತೇ ಕೊನೆಗೆ?' ಅಂದ್ರು.

ಅಮ್ಮ ತೆರೆಯಿಂದ ಕಣ್ಣು ತೆಗೀದೇ ಹೇಳಿದ್ಲು, 'ಇನ್ನೇನಾಗುತ್ತೆ, ಹುಡುಗ ತಾಳಿ ಕಟ್ಟೋ ಟೈಮಿಗೆ ಮಂಟಪದಿಂದ ಎದ್ದೋದ.'